ಪದಚರ್ಚೆ: ಹಲವರು ಸರದಿಯಂತೆ ಬರೆಯುವ ಧಾರಾವಾಹಿಗೆ ಏನೆನ್ನಬೇಕು? ಅದರ ಒಂದೊಂದು ಭಾಗ 'ಕಂತು' ಆದೀತೇ?

ಎಂಟು ತಿಂಗಳಿಂದ ನಾವು ಏಳು ಮಂದಿ, ಬೇರೆ ಬೇರೆ ಊರುಗಳಲ್ಲಿದ್ದುಕೊಂಡೇ, ಅಂತರ್ಜಾಲದಲ್ಲಿ ಒಂದೇ ಕಾದಂಬರಿಯನ್ನು ವಾರಕ್ಕೊಬ್ಬರಂತೆ ಬರೆಯುತ್ತಿದ್ದೇವೆ. ಒಬ್ಬರು ನಿಲ್ಲಿಸಿದಲ್ಲಿಂದ ಮುಂದಿನವರು ಎತ್ತಿಕೊಳ್ಳಬೇಕು. ಹಿಂದಿನವರು ಬರೆದುದನ್ನು ತಿದ್ದುವಂತಿಲ್ಲ. ಈಗ ಅದಕ್ಕೊಂದು ಮುನ್ನುಡಿ ಬರೆಯಬೇಕಾಗಿ ಬಂದಾಗ ಎರಡು ಪದಗಳ ಬಳಿ ನಾನು ನಿಂತುಬಿಟ್ಟಿದ್ದೇನೆ.

ಮೊದಲನೆಯದು 'ಕಂತು'. 1965ರಲ್ಲಿ ಆರಂಭವಾದ ಸುಧಾ, 1983ರಲ್ಲಿ ಬಂದ ತರಂಗ ಮುಂತಾದ ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದಿ ಬೆಳೆದವರಿಗೆ ಈ ಪದ ಹೊಸತಲ್ಲ. ಆದರೂ ನಮ್ಮ ಗುಂಪಿನ ಹಿರಿಯರೊಬ್ಬರು, ಅದು ಸಾಲದ ಲೆಕ್ಕದ ಮಾತಾಯಿತು, 'ಅಧ್ಯಾಯ' ಎನ್ನೋಣ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅಧ್ಯಾಯವೆಂಬುದು ಕೃತಿಯ ಒಳಗಿನ ವಿಭಾಗ. ಬರೆದವನು ಅದನ್ನು ಯಾವಾಗ ಮುಗಿಸಿದನೆಂಬ ಪ್ರಶ್ನೆ ಅದಕ್ಕಿಲ್ಲ. 'ಸಂಚಿಕೆ' ಪತ್ರಿಕೆಗೆ ಸೇರಿದ್ದು, ಈಗ ದೂರದರ್ಶನ ಧಾರಾವಾಹಿಗಳ ಪಾಲಾಗಿದೆ. 'ಕಂತು' ಎಂದಾಗ ಮಾತ್ರ ವಾಯಿದೆಯ ಅರ್ಥವೂ ಜೊತೆಗೆ ಬರುತ್ತದೆ: ಇಂಥ ದಿನಕ್ಕೆ ಇಷ್ಟು ಸಲ್ಲಿಸುತ್ತೇನೆಂದು ಇನ್ನೊಬ್ಬರಿಗೆ ಕೊಟ್ಟ ಮಾತು. ಕಳೆದ ತಿಂಗಳು ನಮ್ಮಲ್ಲೊಬ್ಬರು, ಮನೆಯಲ್ಲಿ ಮದುವೆಯಿದ್ದ ವಾರ, 'ನನ್ನ ಕಂತು ಬಾಕಿ ಇದೆ, ಶುಕ್ರವಾರ ಕಟ್ಟುತ್ತೇನೆ' ಎಂದು ಬರೆದರು. ಯಾರೂ ಹೇಳಿಕೊಡದೆ ಸಾಲದ ಕ್ರಿಯಾಪದವೇ ಕಥೆಗೂ ಬಂದುಬಿಟ್ಟಿತ್ತು. ಧಾರವಾಡದ ಗೆಳತಿಯೊಬ್ಬರು ಇದನ್ನೇ 'ಕಂತು ತುಂಬುತ್ತೇನೆ' ಎನ್ನುತ್ತಾರೆ.

ನಿಘಂಟಿನಲ್ಲಿ ಈ ಪದದ ಪಕ್ಕದಲ್ಲೇ ಬೇರೆ ಎರಡು 'ಕಂತು'ಗಳಿವೆ. ಒಂದು ಮನ್ಮಥ, ದಾಸರ ಪದಗಳ 'ಕಂತುಪಿತ' ಅಲ್ಲಿಂದ ಬಂದವನು. ಇನ್ನೊಂದು ಮುಳುಗು ಎಂಬರ್ಥದ ಕ್ರಿಯಾಪದ. ಕರಾವಳಿಯ ಕಡೆ ಇಂದಿಗೂ ಹೊತ್ತು ಕಂತುತ್ತದೆ. ಇವಕ್ಕೂ ಹಣದ ಕಂತಿಗೂ ನಂಟು ಕಲ್ಪಿಸುವುದು ನನ್ನ ಉದ್ದೇಶವಲ್ಲ.

ಹೆಚ್ಚು ತೊಡಕಿರುವುದು ಇಡೀ ಕೃತಿಯ ಹೆಸರಿನಲ್ಲಿ. ಬರಿಯ 'ಧಾರಾವಾಹಿ' ಎಂದರೆ ಕೈಬದಲಾವಣೆ ತಿಳಿಯುವುದಿಲ್ಲ. 'ಸರಣಿ ಕಾದಂಬರಿ' ಎಂದರೆ ಒಂದರ ನಂತರ ಒಂದು ಬರುವ ಹಲವು ಕಾದಂಬರಿಗಳೆಂದು ಓದುಗರು ತಿಳಿಯುತ್ತಾರೆ. 'ಸಾಮೂಹಿಕ' ಎಂಬುದು ಎಲ್ಲರೂ ಒಟ್ಟಿಗೆ ಕುಳಿತು ಬರೆದಂತೆ ಕೇಳುತ್ತದೆ, ಆದರೆ ಇಲ್ಲಿ ಪ್ರತಿಯೊಬ್ಬರೂ ಒಂಟಿಯಾಗಿಯೇ ಬರೆಯುತ್ತಾರೆ. 1920ರ ದಶಕದ ಆರಂಭದಲ್ಲಿ ಹನ್ನೆರಡು ಮಂದಿ ಲೇಖಕರು ಸೇರಿ ಇಂಥದ್ದೊಂದು ಕಾದಂಬರಿ ಬರೆದಾಗ ಬಂಗಾಳಿಗರು ಅದಕ್ಕೆ 'ಬಾರೋಯಾರಿ' ಎಂದರು. ಊರವರೆಲ್ಲ ಚಂದಾ ಕೂಡಿಸಿ ನಡೆಸುವ ಪೂಜೆಗೆ ಅಲ್ಲಿ ಆಗಲೇ ಇದ್ದ ಹೆಸರು ಅದು. ಹಾಗೆ ನಮ್ಮ ಬದುಕಿನೊಳಗಿನಿಂದಲೇ ಎತ್ತಿಕೊಳ್ಳಬಹುದಾದ ಪದ ಯಾವುದು ಎಂದು ಯೋಚಿಸಿದಾಗ ಮಲೆನಾಡಿನ 'ಮುಯ್ಯಾಳು', ಅಂದರೆ ಒಬ್ಬರ ಗದ್ದೆ ಕೆಲಸಕ್ಕೆ ಇನ್ನೊಬ್ಬರು ಆಳಾಗಿ ಹೋಗಿ ಆ ನೆರವನ್ನು ಕೆಲಸದಲ್ಲೇ ತೀರಿಸಿಕೊಳ್ಳುವ ರೂಢಿ, ನೆನಪಾಯಿತು. ಆದರೆ ಮುಯ್ಯಾಳಿನಲ್ಲಿ ಇಂದು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ನಮ್ಮದು ಏಳು ಜನಕ್ಕೂ ಒಂದೇ ಗದ್ದೆ.

ನಾವು ಮಾತಿನಲ್ಲಿ ಬಳಸುತ್ತಿರುವುದು 'ಖೋ'. ಯೋಚಿಸಿದಷ್ಟೂ ಅದೇ ಸರಿಯೆನಿಸುತ್ತಿದೆ. ಖೋಖೋ ಆಟದಲ್ಲಿ ಕುಳಿತವರು ಒಬ್ಬರು ಆಚೆಗೆ, ಪಕ್ಕದವರು ಈಚೆಗೆ ಮುಖ ಮಾಡಿರುತ್ತಾರೆ. ಬೆನ್ನು ಮುಟ್ಟಿ ಖೋ ಎಂದ ಕೂಡಲೇ ಎದ್ದು ಓಡಬೇಕು, ಒಮ್ಮೆ ಹಿಡಿದ ದಿಕ್ಕಿನಿಂದ ನಡುವೆ ಹಿಂದಿರುಗುವಂತಿಲ್ಲ. ನಮ್ಮ ಹತ್ತೊಂಬತ್ತನೆಯ ಕಂತಿನಲ್ಲಿ ಒಬ್ಬರು ನಾಯಕಿಯ ತಂದೆಯನ್ನು ಬಸ್ಸಿನಿಂದ ಇಳಿಸಿಬಿಟ್ಟರು. ಆತನನ್ನು ಆ ಊರಿನಲ್ಲೇ ಉಳಿಸಿಕೊಂಡು ನಾನು ಇಪ್ಪತ್ತನೆಯದನ್ನು ಬರೆಯಬೇಕಾಯಿತು. 'ಸರದಿ ಕಾದಂಬರಿ' ಗಂಭೀರವಾಗಿ ಕೇಳಿಸುತ್ತದೆ ನಿಜ, ಆದರೆ ಅದರಲ್ಲಿ ಕಾಯುವುದಷ್ಟೇ ಇದೆ, ಬೆನ್ನ ಮೇಲೆ ಬೀಳುವ ಕೈ ಇಲ್ಲ.

ಕಂತಿನ ಕೊನೆಯ ಆವರಣದ ಮಾತಿನ ಬಗ್ಗೆಯೂ ಒಂದು ವಿನಂತಿ. ನಮ್ಮಲ್ಲೇ ಮೂವರು 'ಮುಂದುವರೆಯುವುದು' ಎಂದು ಬರೆಯುತ್ತಾರೆ. ಮುಂದು ಎಂಬುದಕ್ಕೆ 'ಪರಿ' ಸೇರಿ, ಪಕಾರಕ್ಕೆ ವಕಾರ ಬಂದು 'ಮುಂದುವರಿ' ಆಗಿದೆ. ಆ ಪರಿಯೇ ಇಂದಿನ 'ಹರಿ'. ಹರಿಯುವುದು, ಹರಿದ ಎನ್ನುವಂತೆ ಮುಂದುವರಿಯುವುದು, ಮುಂದುವರಿದ ಎನ್ನಬೇಕು. ಬರೆ, ಕರೆಗಳ ರೂಢಿಯಿಂದ ಎಕಾರ ನುಸುಳಿರಬೇಕು. 'ಧಾರಾವಾಹಿ'ಯಲ್ಲಿ ಸಂಸ್ಕೃತದ ಧಾರೆ ಹರಿಯುವಂತೆ ಇಲ್ಲಿ ಕನ್ನಡದ್ದೇ ನೀರು ಹರಿಯುತ್ತಿದೆ, ಅದನ್ನು ಕಳೆದುಕೊಳ್ಳಬಾರದೆಂಬುದು ನನ್ನ ಕಳಕಳಿ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು: 'ಖೋ ಕಾದಂಬರಿ' ಎಂಬುದನ್ನು ಮುಖಪುಟದ ಮೇಲೆ ಹಾಕಿದರೆ ಓದುಗರಿಗೆ ವಿವರಣೆಯಿಲ್ಲದೆ ಅರ್ಥವಾದೀತೇ? ಉತ್ತರ ಕರ್ನಾಟಕದ 'ಪಾಳಿ' ಇದಕ್ಕಿಂತ ಹೊಂದುತ್ತದೆಯೇ? ನಿಮ್ಮ ಕಡೆ ಕೆಲಸವನ್ನು ಅರ್ಧದಲ್ಲಿ ಇನ್ನೊಬ್ಬರ ಕೈಗೆ ದಾಟಿಸುವುದಕ್ಕೆ ಬೇರೆ ಮಾತಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.