ಸುಂದರಬನಕ್ಕೆ ಹೊರಡುವ ಮುನ್ನ: ಮಾರ್ಗದರ್ಶಕರೊಡನೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯರು): ವನ್ಯಜೀವಿ ಪ್ರವಾಸಗಳನ್ನು ನಡೆಸುವ ತಮ್ಮಲ್ಲಿ ಒಂದು ವಿನಂತಿ. ಅಡಿಕೆ ಕೊಯ್ಲು, ಸುಲಿತ ಮುಗಿದ ಮೇಲೆ ವಯಸ್ಸಾದ ತಾಯಿಯವರನ್ನು ಸುಂದರಬನಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಯಾವ ತಿಂಗಳು ಸೂಕ್ತ, ಹುಲಿ ಕಾಣುವುದೇ, ಅಲ್ಲಿನ ಮೂಲನಿವಾಸಿಗಳು ಜೇನು ಕೀಳುವುದನ್ನು ಹತ್ತಿರದಿಂದ ನೋಡಬಹುದೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಫೆಬ್ರವರಿ ಮುಗಿಯುವುದರೊಳಗೆ ಹೋಗಿಬನ್ನಿ. ಆಮೇಲೆ ಸೆಕೆ ಏರುತ್ತದೆ. 2009ರ ಐಲಾ, 2020ರ ಅಂಫಾನ್ ಚಂಡಮಾರುತಗಳೆರಡೂ ಮೇ ತಿಂಗಳಲ್ಲಿ ಅಪ್ಪಳಿಸಿದವು. ಕೋಲ್ಕತ್ತಾದ ಸಿಯಾಲ್ದಾದಿಂದ ಕ್ಯಾನಿಂಗ್‌ವರೆಗೆ ಲೋಕಲ್ ರೈಲು, ಅಲ್ಲಿಂದ ಗೋದ್‌ಖಾಲಿಗೆ ರಸ್ತೆ, ಮುಂದೆಲ್ಲ ದೋಣಿ. ಗುರುತಿನ ಚೀಟಿ ಕೈಯಲ್ಲಿರಲಿ.

ಭಾರತದ ಭಾಗದ ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಕಾಡಿನಲ್ಲಿ ಇರುವುದು ಸುಮಾರು ನೂರು ಹುಲಿ, ಮತ್ತು ಬೇಲಿ ಹಾಕಿದ ವೀಕ್ಷಣಾ ಗೋಪುರಗಳ ಆವರಣ ಬಿಟ್ಟರೆ ಪ್ರವಾಸಿಗರು ನೆಲಕ್ಕೆ ಕಾಲಿಡುವಂತಿಲ್ಲ. ಹುಲಿಯೊಂದೇ ಗುರಿಯಾಗಿದ್ದರೆ ನಾಗರಹೊಳೆಗೆ ಹೋಗಿ ಎಂದೇ ನಾನು ಹೇಳುವುದು.

ಸುಂದರಬನವನ್ನು ನೋಡಬೇಕಾದದ್ದು ಇಳಿತದ ಹೊತ್ತಿನಲ್ಲಿ. ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುವ ಅಲ್ಲಿ, ಇಳಿದಾಗ ಕಾಲುವೆಗಳ ಎರಡೂ ದಡಗಳಲ್ಲಿ ಕೆಸರಿನ ಇಳಿಜಾರು ತೆರೆದುಕೊಳ್ಳುತ್ತದೆ. ಉಸಿರಾಡುವ ಬೇರುಗಳು ಈಟಿಗಳಂತೆ ಮೇಲ್ಮುಖವಾಗಿ ನಿಂತಿರುತ್ತವೆ, ಅವುಗಳ ನಡುವೆ ಅಂಗೈಗಿಂತ ಸಣ್ಣ ಕೆಸರುಮೀನುಗಳು ಎದೆಯ ಈಜುರೆಕ್ಕೆ ಊರಿಕೊಂಡು ತೆವಳುತ್ತವೆ, ಗಂಡು ಏಡಿಗಳು ತಮ್ಮ ಒಂದೇ ಒಂದು ದೊಡ್ಡ ಕೊಂಡಿಯನ್ನು ಎತ್ತಿ ಬೀಸುತ್ತವೆ. ಉಪ್ಪುನೀರಿನ ಮೊಸಳೆ ಬಿಸಿಲು ಕಾಯುವುದೂ ಆಗಲೇ. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುವುದರಿಂದ, ಬೆಳಗಿನ ಹೊತ್ತು ಇಳಿತ ಬೀಳುವ ದಿನಗಳನ್ನು ದೋಣಿಯವರಲ್ಲಿ ಕೇಳಿಕೊಂಡು, ಅನಂತರ ಟಿಕೆಟ್ ಮಾಡಿಸಿ.

ಪ್ರಶ್ನೆ (ಸಾಗರದ ಸದಸ್ಯರು): ನಮ್ಮ ಶರಾವತಿ ಸಮುದ್ರ ಸೇರುವ ಹೊನ್ನಾವರದಲ್ಲೂ ಅಂಥದೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆಯಲ್ಲ, ಅಷ್ಟು ದೂರ ಏಕೆ ಹೋಗಬೇಕು?

ಉತ್ತರ: ಮರಗಳ ಬಳಗ ಒಂದೇ ಆದರೂ ಶರಾವತಿಯದು ಅಳಿವೆ. ಘಟ್ಟದಿಂದ ಧುಮುಕಿ ಬೇಗನೆ ಕಡಲು ಸೇರುವ ನಮ್ಮ ನದಿಗಳು ಮುಖಜಭೂಮಿ ಕಟ್ಟುವಷ್ಟು ಹೂಳು ತರುವುದಿಲ್ಲ. ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳು ಹಿಮಾಲಯದ ಮಣ್ಣನ್ನು ಹೊತ್ತು ತಂದು ಕಟ್ಟಿದ ನೆಲದ ಮೇಲಿನ ಸುಂದರಬನ ಸುಮಾರು 10,000 ಚದರ ಕಿಲೋಮೀಟರ್ ಹರಡಿದೆ, ಅದರಲ್ಲಿ ಹೆಚ್ಚಿನ ಪಾಲು ಬಾಂಗ್ಲಾದೇಶದಲ್ಲಿದೆ. ಆದರೂ ತಾಯಿಯವರನ್ನು ಮೊದಲು ಹೊನ್ನಾವರಕ್ಕೆ ಕರೆದೊಯ್ದು ನೋಡುವುದು ಒಳ್ಳೆಯ ಉಪಾಯ.

ಇನ್ನು ಜನರ ವಿಷಯ. ಅಲ್ಲಿನ ಮುಂಡಾ, ಒರಾಂವ್, ಸಂತಾಲರ ಪೂರ್ವಿಕರನ್ನು ಬ್ರಿಟಿಷರ ಕಾಲದಲ್ಲಿ ಕಾಡು ಕಡಿಸಲೆಂದು ಛೋಟಾನಾಗಪುರದಿಂದ ಕರೆತಂದದ್ದು. ಆದ್ದರಿಂದ ‘ಮೂಲನಿವಾಸಿ’ ಎಂಬ ಮಾತನ್ನು ಅಲ್ಲಿ ಎಚ್ಚರದಿಂದ ಬಳಸಬೇಕು. ಕಾಡಿಗೆ ಇಳಿಯುವವರು ಹಿಂದೂಗಳಾಗಲಿ ಮುಸ್ಲಿಮರಾಗಲಿ ಕಾಡು ಕಾಯುವ ದೇವಿ ಬೊನ್‌ಬೀಬಿಗೆ ಕೈಮುಗಿಯುತ್ತಾರೆ. ಹುಲಿಯ ರೂಪದ ದೊಕ್ಖಿನ್ ರಾಯ್‌ಗೆ ಬಲಿಯಾಗಿ ಬಿಟ್ಟುಹೋದ ದುಖೆ ಎಂಬ ಬಡ ಹುಡುಗನನ್ನು ಅವಳು ಕಾಪಾಡಿದ ಕಥೆಯನ್ನು ಹಳ್ಳಿಗಳಲ್ಲಿ ಆಡಿ ತೋರಿಸುತ್ತಾರೆ. ಚೌಡಿಗೆ ಹಣ್ಣುಕಾಯಿ ಮಾಡಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನ ಜೇನು ಕೀಳುವವರು ಕೀಳುವುದು ನಮ್ಮ ಹೆಜ್ಜೇನನ್ನೇ, ಅರಣ್ಯ ಇಲಾಖೆಯ ಪರವಾನಗಿ ಪಡೆದು, ಏಪ್ರಿಲ್ ಹೊತ್ತಿಗೆ. ಹುಲಿ ಹಿಂದಿನಿಂದ ಎರಗುವುದರಿಂದ 1980ರ ದಶಕದಲ್ಲಿ ತಲೆಯ ಹಿಂಭಾಗಕ್ಕೆ ಮುಖವಾಡ ಕಟ್ಟಿಕೊಂಡು ಹೋದವರು ಇವರೇ. ಅವರ ಬೆನ್ನಿಗೆ ಪ್ರವಾಸಿಗರು ಹೋಗುವಂತಿಲ್ಲ. ಊರಿನಲ್ಲಿ ಕುಳಿತು ಮಾತನಾಡಿ, ಜೇನುತುಪ್ಪ ಕೊಳ್ಳಿ. ಹುಲಿಗೆ ಗಂಡನನ್ನು ಕಳೆದುಕೊಂಡ ಹೆಂಗಸರ ಮನೆಗಳನ್ನು ತೋರಿಸುತ್ತೇವೆಂದು ಯಾರಾದರೂ ಕರೆದರೆ ಬೇಡವೆನ್ನಿ.

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯರು): ತಾಯಿಯವರಿಗೆ ಮಂಡಿನೋವಿದೆ. ದೋಣಿ ಹತ್ತಿ ಇಳಿಯುವುದು ಕಷ್ಟವಾಗದೇ?

ಉತ್ತರ: ನೀರು ಇಳಿದಾಗ ದೋಣಿ ನಿಲ್ಲುವ ಘಾಟಿನ ಕೆಳಗಿನ ಮೆಟ್ಟಿಲುಗಳು ಕೆಸರು ಹಿಡಿದು ಜಾರುತ್ತವೆ. ಶೌಚಾಲಯವಿರುವ ದೋಣಿಯನ್ನೇ ಗೊತ್ತುಮಾಡಿ, ನೋಡುವುದನ್ನೆಲ್ಲ ಅದರ ಮೇಲ್ಮಾಳಿಗೆಯಿಂದಲೇ ನೋಡಿ, ಹತ್ತಿ ಇಳಿಯುವುದನ್ನು ಮಾತ್ರ ಉಬ್ಬರದ ವೇಳೆಗೆ ಇಟ್ಟುಕೊಳ್ಳಿ.