ವಿಯೆಟ್ನಾಂಗೆ ಎಷ್ಟು ದಿನ ಇಟ್ಕೋಬೇಕು? ಏಳು ಸಾಕಾ, ಹದಿನಾಲ್ಕು ಬೇಕಾ?

ರಾಗಿಮುದ್ದೆ_ಫ್ಯಾನ್:
ಎಲ್ರಿಗೂ ನಮಸ್ಕಾರ. ದಸರಾ ರಜೆಗೆ ವಿಯೆಟ್ನಾಂ ಹೋಗೋಣ ಅಂತ ಮನೇಲಿ ಮಾತು ನಡೀತಿದೆ. ನಾನು, ಹೆಂಡ್ತಿ, ನಾಲ್ಕನೇ ಕ್ಲಾಸ್ ಓದೋ ಮಗಳು, ಜೊತೆಗೆ ಅಪ್ಪ ಅಮ್ಮ. ಅಪ್ಪ ಚೆನ್ನಾಗೇ ನಡೀತಾರೆ ಆದ್ರೆ ಮಂಡಿ ನೋವು, ಮೆಟ್ಲು ಅಂದ್ರೆ ಮುಖ ಸಣ್ಣ ಮಾಡ್ಕೋತಾರೆ. ಅಮ್ಮ ಪಕ್ಕಾ ವೆಜ್, ಮೊಟ್ಟೆ ಕೂಡ ಮುಟ್ಟಲ್ಲ.

ಏಜೆನ್ಸಿಯೋರು ಒಬ್ರು 6 ರಾತ್ರಿ 7 ಹಗಲಿನ ಪ್ಯಾಕೇಜ್ ಕಳ್ಸಿದಾರೆ, ಅದ್ರಲ್ಲಿ ಹನೋಯ್, ಹಾ ಲಾಂಗ್ ಬೇ, ಡಾ ನಾಂಗ್, ಹೊಯ್ ಆನ್, ಹೋ ಚಿ ಮಿನ್ ಸಿಟಿ ಎಲ್ಲಾ ಇದೆ. ಪಿಡಿಎಫ್ ನೋಡಿದ್ರೆ ಖುಷಿ ಆಗುತ್ತೆ. ಆದ್ರೆ ನನ್ ಹೆಂಡ್ತಿ ಅದನ್ನ ಒಂದು ಹಾಳೆ ಮೇಲೆ ಗಂಟೆ ಲೆಕ್ಕದಲ್ಲಿ ಬರ್ದು, ಇದ್ರಲ್ಲಿ ಊರು ನೋಡೋದಕ್ಕಿಂತ ಏರ್‌ಪೋರ್ಟ್ ನೋಡೋದೇ ಜಾಸ್ತಿ ಇದೆಯಲ್ರೀ ಅಂದ್ಲು. ಆಫೀಸಲ್ಲಿ ಶನಿವಾರ ಭಾನುವಾರ ಸೇರ್ಸಿ ಹತ್ತು ದಿನ ಆರಾಮಾಗಿ ಸಿಗುತ್ತೆ, ಕಾಡಿ ಬೇಡಿದ್ರೆ ಹದಿನಾಲ್ಕು. ಹೋಗಿ ಬಂದೋರು ಹೇಳಿ, ಏಳರಲ್ಲಿ ಮುಗಿಯುತ್ತಾ, ಹತ್ತು ಮಾಡ್ಲಾ, ಇಲ್ಲ ಮ್ಯಾನೇಜರ್ ಕಾಲು ಹಿಡಿದು ಹದಿನಾಲ್ಕೇ ಕೇಳ್ಲಾ?

ಅಲೆಮಾರಿ_ಅಣ್ಣ:
ನಿಮ್ಮನೆಯವ್ರು ಸರಿಯಾಗೇ ಹಿಡಿದಿದಾರೆ. ಪ್ಯಾಕೇಜ್ ಮಾರೋರು ಹಗಲು ಎಣಿಸ್ತಾರೆ, ನೀವು ರಾತ್ರಿ ಎಣಿಸಿ. ಇಲ್ಲಿಂದ ಬಹಳಷ್ಟು ಫ್ಲೈಟು ಹೊರಡೋದೇ ರಾತ್ರಿ, ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಇಳಿಯೋ ಹೊತ್ತಿಗೆ ಬೆಳಗಾಗಿರುತ್ತೆ, ಹೋಟೆಲ್‌ನೋರು ರೂಮ್ ಕೊಡೋದು ಮಧ್ಯಾಹ್ನ ಎರಡಕ್ಕೆ, ನಿದ್ದೆಗೆಟ್ಟು ಲಗೇಜ್ ಪಕ್ಕ ಲಾಬೀಲಿ ತೂಕಡಿಸ್ತಾ ಕೂತಿರೋ ಆ ದಿನಕ್ಕೆ ಇವ್ರು 'ಮೊದಲನೇ ದಿನ: ಹನೋಯ್ ಸಿಟಿ ಟೂರ್' ಅಂತ ಹೆಸರಿಡ್ತಾರೆ. ಕೊನೇ ದಿನಾನೂ ಹಂಗೇ, ತಿಂಡಿ ತಿಂದು ಹೊರಡೋದು.

ಇನ್ನೊಂದು, ಆ ದೇಶದ ಆಕಾರ ಮ್ಯಾಪಲ್ಲಿ ನೋಡಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1650 ಕಿಲೋಮೀಟರ್, ಮಧ್ಯೆ ಒಂದ್ಕಡೆ ಅಗಲ ಬರೀ 50 ಕಿಲೋಮೀಟರ್. ಎರಡು ಕರ್ನಾಟಕ ಉದ್ದಕ್ಕೆ ಜೋಡ್ಸಿದ್ರೂ ಸ್ವಲ್ಪ ಕಮ್ಮಿ ಬೀಳುತ್ತೆ. ಹನೋಯ್‌ನಿಂದ ಹೋ ಚಿ ಮಿನ್ ಸಿಟಿಗೆ ರೈಲಲ್ಲಿ ಹೋದ್ರೆ 1726 ಕಿಲೋಮೀಟರ್, ಮೂವತ್ತು ಗಂಟೆ ದಾಟುತ್ತೆ. ಹಂಗಾಗಿ ಎಲ್ಲಾ ನೋಡ್ಬೇಕು ಅಂದ್ರೆ ವಿಮಾನವೇ ಗತಿ. ವಿಮಾನದಲ್ಲಿ ಕೂರೋದು ಒಂದೂಕಾಲರಿಂದ ಎರಡು ಗಂಟೆ ಆದ್ರೂ ಪ್ಯಾಕಿಂಗು, ಟ್ಯಾಕ್ಸಿ, ಚೆಕ್‌ಇನ್ನು, ಅಲ್ಲಿಳಿದು ಮತ್ತೆ ಟ್ಯಾಕ್ಸಿ ಅಂತ ಐದು ಜನರ ಸಂಸಾರಕ್ಕೆ ಮುಕ್ಕಾಲು ದಿನ ಖರ್ಚು.

ನನ್ನ ಲೆಕ್ಕ ಇಷ್ಟೇ. ಒಂದು ಊರಿಗೆ ಕಮ್ಮಿ ಅಂದ್ರೆ ಎರಡು ರಾತ್ರಿ, ದೊಡ್ಡ ಊರಿಗೆ ಮೂರು. ಹತ್ತು ದಿನ ರಜೆ ಅಂದ್ರೆ ಕೈಗೆ ಸಿಗೋದು ಎಂಟು ರಾತ್ರಿ, ಅಂದ್ರೆ ಮೂರು ಊರು. ಏಳು ದಿನಕ್ಕೆ ಉತ್ತರ (ಹನೋಯ್, ಹಾ ಲಾಂಗ್), ಮಧ್ಯ (ಡಾ ನಾಂಗ್, ಹೊಯ್ ಆನ್), ದಕ್ಷಿಣ (ಹೋ ಚಿ ಮಿನ್ ಸಿಟಿ) ಅಂತ ಮೂರು ಭಾಗವೂ ನೋಡ್ತೀನಿ ಅನ್ನೋದು ಮಾತ್ರ ಬೇಡ್ವೇ ಬೇಡ.

ಕುಡ್ಲದ_ಕಡಲು:
ದಿನ ಎಷ್ಟು ಅಂತ ಆಮೇಲೆ ನೋಡುವ ಮಾರಾಯ್ರೆ, ಹೋಗುವುದು ದಸರಾಕ್ಕೆ ಅಂತ ಹೇಳಿದ್ರಲ್ಲ, ಅದನ್ನು ಯಾರೂ ನೋಡ್ಲೇ ಇಲ್ಲ! ಆ ದೇಶದಲ್ಲಿ ಒಂದೇ ಸಮಯಕ್ಕೆ ಮೂರು ಕಡೆ ಮೂರು ಹವೆ. ಅಕ್ಟೋಬರ್ ಅಂದ್ರೆ ಉತ್ತರದಲ್ಲಿ ಒಳ್ಳೇ ಕಾಲ, ಮಳೆ ಇಳಿದು ಸೆಕೆ ಕಮ್ಮಿಯಾಗಿರ್ತದೆ. ದಕ್ಷಿಣದಲ್ಲಿ ಮಳೆ ಇನ್ನೂ ಮುಗಿದಿರುವುದಿಲ್ಲ, ಆದ್ರೆ ಅದು ಮಧ್ಯಾಹ್ನ ಮೇಲೆ ಒಂದು ಸಲ ಹೊಯ್ದು ಬಿಡುವ ಮಳೆ, ಸುಧಾರಿಸಬಹುದು. ಮಧ್ಯದ ಹ್ಯೂ, ಡಾ ನಾಂಗ್, ಹೊಯ್ ಆನ್‌ಗೆ ಮಾತ್ರ ಅಕ್ಟೋಬರ್ ನವೆಂಬರೇ ಜೋರು ಮಳೆಗಾಲ. ನಮ್ಮ ಕರಾವಳಿಯಲ್ಲಿ ಜುಲೈಯಲ್ಲಿ ಬರುವ ಹಾಗೆ ಅಲ್ಲಿ ಆಗ ಬರ್ತದೆ, ಜೊತೆಗೆ ಚಂಡಮಾರುತ ಬೇರೆ. 2025ರ ಅಕ್ಟೋಬರ್ ಕೊನೆಗೆ ಹ್ಯೂ ಮತ್ತು ಹೊಯ್ ಆನ್ ಎರಡೂ ಮುಳುಗಿದ್ವು, ಲ್ಯಾಂಟರ್ನ್ ಫೋಟೋ ತೆಗೀತಾರಲ್ಲ ಆ ಬೀದಿಯಲ್ಲಿ ದೋಣಿ ಹೋಗ್ತಾ ಇತ್ತು. ಪ್ರತೀ ವರ್ಷ ಅಷ್ಟು ಆಗ್ತದೆ ಅಂತ ಅಲ್ಲ, ಆದ್ರೆ ತು ಬಾನ್ ಹೊಳೆ ಉಕ್ಕಿ ಹೊಯ್ ಆನ್ ಒಳಗೆ ನೀರು ಬರುವುದು ಅಲ್ಲಿನವರಿಗೆ ಹೊಸತೇನೂ ಅಲ್ಲ.

ಹಾಗಾಗಿ ದಸರಾಕ್ಕೇ ಹೋಗುವುದಾದ್ರೆ ಉತ್ತರ ಮಾತ್ರ ಮಾಡಿ, ಹತ್ತು ದಿನ ಧಾರಾಳ ಸಾಕು. ಮೂರೂ ಬೇಕು ಅಂತ ಹಟ ಇದ್ರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋಗಿ, ಆದ್ರೆ ಅವರ ಹೊಸ ವರ್ಷ ಟೆಟ್ ಯಾವಾಗ ಅಂತ ಮೊದಲು ನೋಡಿ. ಜನವರಿ ಕೊನೆಗೋ ಫೆಬ್ರವರಿಗೋ ಬರ್ತದೆ, ಆ ವಾರ ಊರಿಗೆ ಊರೇ ಮನೆಗೆ ಹೋಗಿರ್ತದೆ, ಅಂಗಡಿ ಬಾಗಿಲು, ಟಿಕೆಟ್ ಇಲ್ಲ.

ಗಂಟುಮೂಟೆ:
ನಾನು ಒಪ್ಪಲ್ಲ. ಐದು ಜನರ ಟಿಕೆಟ್, ವೀಸಾ, ವಯಸ್ಸಾದೋರಿಗೆ ಇನ್ಶೂರೆನ್ಸ್ ಅಂತ ಇಷ್ಟೆಲ್ಲಾ ದುಡ್ಡು ಸುರಿದು ಅರ್ಧ ದೇಶ ನೋಡ್ಕೊಂಡ್ ಬನ್ನಿ, ಇನ್ನರ್ಧಕ್ಕೆ ಮತ್ತೆ ಹೋಗಿ ಅನ್ನೋದು ಹೇಳಕ್ಕೆ ಚೆಂದ. ಮತ್ತೆ ಹೋಗ್ತೀವಿ ಅಂತ ಬಿಟ್ಟು ಬಂದ ಜಾಗಕ್ಕೆ ನಮ್ ಮಿಡಲ್ ಕ್ಲಾಸ್ ಮಂದಿ ಯಾವತ್ತಾದ್ರೂ ಮತ್ತೆ ಹೋಗಿದೀವಾ ಹೇಳಿ. ದಸರಾ ಬಿಡಿ, ಮಾರ್ಚಲ್ಲಿ ಹದಿನಾಲ್ಕು ದಿನ ಹಾಕಿ, ಪರೀಕ್ಷೆ ಯಾವಾಗ ಅಂತ ನೋಡ್ಕೊಂಡು. ಟಿಕೆಟ್ ರಿಟರ್ನ್ ತಗೋಬೇಡಿ, ಮಲ್ಟಿಸಿಟಿ ಅಂತ ಹಾಕಿ ಹನೋಯ್‌ಗೆ ಇಳಿದು ಹೋ ಚಿ ಮಿನ್ ಸಿಟಿಯಿಂದ ಹತ್ತಿ, ವಾಪಸ್ ಉತ್ತರಕ್ಕೆ ಓಡೋ ಒಂದು ದಿನ ಅಲ್ಲೇ ಉಳೀತು. ಹನೋಯ್ ಕಡೆ ಆರು ರಾತ್ರಿ, ಹೊಯ್ ಆನ್ ನಾಲ್ಕು, ಕೆಳಗಡೆ ಎರಡು ಮೂರು.

ಮಧ್ಯಭಾಗ ಯಾಕೆ ಬಿಡಬಾರ್ದು ಅಂದ್ರೆ ಮಿ ಸನ್. ಹಿಂದೆ ಆ ಭಾಗ ಆಳಿದ ಚಂಪಾ ರಾಜರು ಶಿವನಿಗೆ ಕಟ್ಟಿಸಿದ ಇಟ್ಟಿಗೆ ಗುಡಿಗಳು, ಸುತ್ತ ಬೆಟ್ಟ. ಅಮೆರಿಕದ ಯುದ್ಧದಲ್ಲಿ 1969ರಲ್ಲಿ ಬಾಂಬ್ ಬಿದ್ದು ಅಲ್ಲಿದ್ದ ದೊಡ್ಡ ಗುಡಿಯೇ ಹೋಯ್ತು, ಬಾಂಬ್ ಗುಂಡಿ ಈಗಲೂ ಕಾಣುತ್ತೆ. ನಮ್ಮ ಪುರಾತತ್ವ ಇಲಾಖೆಯೋರೇ ಹೋಗಿ ಕೆಲವು ಗುಡಿ ಜೀರ್ಣೋದ್ಧಾರ ಮಾಡಿದಾರೆ, 2020ರಲ್ಲಿ ಆ ಕೆಲ್ಸದಲ್ಲೇ ಮಣ್ಣೊಳಗಿಂದ ಒಂಬತ್ತನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ತು. ನಿಮ್ಮ ತಂದೆ ತಾಯಿ ಜೊತೆ ಹೋಗ್ತಿದೀರ, ಹಾ ಲಾಂಗ್ ಕ್ರೂಸ್‌ಗಿಂತ ಅವ್ರು ಊರಿಗೆ ಬಂದು ಎಲ್ರಿಗೂ ಹೇಳೋದು ಇದನ್ನೇ, ಬರ್ದು ಕೊಡ್ತೀನಿ. ಅಂದಹಾಗೆ 2025ರ ಜುಲೈಲಿ ಅವ್ರು 63 ಪ್ರಾಂತ್ಯ ಕೂಡ್ಸಿ 34 ಮಾಡಿದ್ರು, ಹೊಯ್ ಆನ್, ಮಿ ಸನ್ ಎರಡೂ ಈಗ ಡಾ ನಾಂಗ್ ಒಳಗೇ ಬರುತ್ತೆ, ಹಳೇ ಗೈಡ್ ಬುಕ್ ನೋಡಿ ಅಡ್ರೆಸ್ ಹುಡುಕ್ತಾ ತಲೆ ಕೆಡಿಸ್ಕೋಬೇಡಿ.

ಧಾರವಾಡ_ಮಂದಿ:
ಗಂಟುಮೂಟೆ ಅವರು ಹೇಳಿದ್ದು ಖರೇ ಐತ್ರಿ, ಆದ್ರ ಅದು ಇಬ್ಬರ ಹೋಗೂದಾದ್ರ. ಇಲ್ಲಿ ವಯಸ್ಸಾದವರು ಅದಾರ, ಸಣ್ಣ ಹುಡುಗಿ ಐತಿ. ಹದಿನಾಲ್ಕು ದಿನ ದಿನಾ ಹೋಟೆಲ್ ಊಟ, ಅದೂ ಮೊಟ್ಟಿ ಸುದ್ದಾ ತಿನ್ನದ ಅವ್ವಾರು! ಅಲ್ಲಿ ತರಕಾರಿಗೂ ಮೀನಿನ ಸಾಸ್ ಹಾಕ್ತಾರ್ರಿ, ಹಾಕಬ್ಯಾಡ್ರಿ ಅಂದ್ರ ನಗ್ತಾರ, ನಕ್ಕೋತ ಹಾಕ್ತಾರ. 'ಚಾಯ್' (chay, ಚಹಾ ಅಲ್ರಿ) ಅಂತ ಬೋರ್ಡ್ ಇರೂ ಖಾನಾವಳಿ ಹುಡುಕ್ರಿ, ಬೌದ್ಧರ ಶಾಖಾಹಾರಿ ಊಟ, ಹನೋಯ್‌ನ್ಯಾಗ ಬೇಕಾದಷ್ಟು ಅದಾವ. ದೊಡ್ಡ ಊರಾಗ ಇಂಡಿಯನ್ ಹೋಟೆಲ್ ಸಿಗ್ತಾವ, ಸಣ್ಣ ಊರಾಗ ಕಷ್ಟ. ನಾವಂತೂ ಶೇಂಗಾ ಚಟ್ನಿ, ಕಟಕ ರೊಟ್ಟಿ ಒಯ್ದಿದ್ವಿ, ಕಡೀಕ ರೊಟ್ಟಿ ಮುಗದ ಮ್ಯಾಲೆ ನಮ್ಮ ಅವ್ವ ದಿನಾ ಊರ ನೆನಸಾಕ ಶುರು ಮಾಡಿದ್ಳು. ದಿನ ಎಷ್ಟು ಅಂತ ಕೇಳ್ತೀರಲ್ಲ, ಅವ್ವಾರನ್ನ ಕೂಡಿಸ್ಕೊಂಡು ಕೇಳ್ರಿ, ಎಷ್ಟು ದಿನ ಮನಿ ಅಡಗಿ ಬಿಟ್ಟು ಇರ್ತೀಯವ್ವಾ ಅಂತ. ನನ್ನ ಕೇಳಿದ್ರ ಹತ್ತಕ್ಕ ನಿಲ್ಲಸ್ರಿ, ನಡುವ ಒಂದಿನ ಏನೂ ಇಡಬ್ಯಾಡ್ರಿ, ಬಟ್ಟಿ ಒಕ್ಕೊಂಡು ಮಲಗೂದಷ್ಟ.

ರಾಗಿಮುದ್ದೆ_ಫ್ಯಾನ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ್ನ ಕೇಳ್ದೆ, 'ನಂದೇನು, ನೀವೆಲ್ಲಿ ಇರ್ತೀರೋ ಅಲ್ಲಿರ್ತೀನಿ' ಅಂದ್ರು, ಅಂದ್ರೆ ಹತ್ತೇ ಜಾಸ್ತಿ ಅಂತ ಅರ್ಥ 😀 ಮಾರ್ಚಲ್ಲಿ ನಮ್ ಆಫೀಸಲ್ಲಿ ಇಯರ್ ಎಂಡ್, ಎರಡು ವಾರ ಕೇಳಿದ್ರೆ ಪರ್ಮನೆಂಟಾಗಿ ರಜೆ ಕೊಟ್ಬಿಡ್ತಾರೆ. ಸೋ ದಸರಾ, ಹತ್ತು ದಿನ, ಉತ್ತರ ಮಾತ್ರ. ಹನೋಯ್ ನಾಲ್ಕು ರಾತ್ರಿ, ನಿನ್ ಬಿನ್ ಎರಡು, ಹಾ ಲಾಂಗ್ ಬೋಟಲ್ಲಿ ಒಂದು. ಇನ್ನೊಂದು ರಾತ್ರಿ ಉಳಿಯುತ್ತೆ, ಅದಕ್ಕೆ ಬೆಟ್ಟದ ಮೇಲಿರೋ ಊರು ಸಾಪಾ ಹಾಕ್ಬಹುದಾ? ಹೆಂಡ್ತಿಗೆ ಆ ಗದ್ದೆ ಫೋಟೋ ನೋಡಿ ಬಹಳ ಆಸೆ.

ಅಲೆಮಾರಿ_ಅಣ್ಣ:
ಒಂದು ರಾತ್ರಿಗೆ ಸಾಪಾ ಬೇಡ. ಹನೋಯ್‌ನಿಂದ ಬಸ್ಸಲ್ಲಿ ಐದಾರು ಗಂಟೆ, ಬರಕ್ಕೆ ಮತ್ತೆ ಅಷ್ಟೇ. ಹೋಗೋದಾದ್ರೆ ಎರಡು ರಾತ್ರಿ, ಅದಕ್ಕೆ ಹನೋಯ್‌ದು ಒಂದು ಕಿತ್ಕೋಬೇಕು. ಇನ್ನು ಅಕ್ಟೋಬರ್ ಮಧ್ಯಕ್ಕೆ ಸಾಪಾ ಭತ್ತ ಕೊಯ್ದಾಗಿರುತ್ತೆ, ಫೋಟೋದಲ್ಲಿರೋ ಹಳದಿ ಗದ್ದೆ ಸೆಪ್ಟೆಂಬರ್ದು. ಅಲ್ಲಿನ ಫಾನ್ಸಿಪಾನ್ ಶಿಖರ 3140 ಮೀಟರ್ ಮೇಲಿದೆ, ಕೇಬಲ್ ಕಾರ್ ಇದೆ, ಆದ್ರೆ ಅದಿಳಿದ ಮೇಲೆ ತುದಿಗೆ ಇನ್ನೂ ಆರುನೂರು ಮೆಟ್ಲು. ಹತ್ತಕ್ಕಾಗ್ದೇ ಇರೋರಿಗೆ ಬೇರೆ ಟಿಕೆಟ್ ತಗೊಂಡು ಪುಟ್ಟ ರೈಲಲ್ಲಿ ಹೋಗ್ಬಹುದು, ಆದ್ರೂ ಅಷ್ಟೆತ್ತರದ ಚಳಿ ಬೇರೆ ಇರುತ್ತೆ.

ನಿಮ್ಮ ತಂದೆಗೆ ನಿನ್ ಬಿನ್ನೇ ಸರಿ, ಟ್ರಾಂಗ್ ಆನ್‌ನಲ್ಲಿ ಹುಟ್ಟು ಹಾಕೋ ದೋಣೀಲಿ ಕೂರ್ಸ್ತಾರೆ, ಸುಣ್ಣಕಲ್ಲಿನ ಗುಡ್ಡದ ಬುಡದಲ್ಲಿ ಗುಹೆಯೊಳಗಿಂದ ನುಗ್ಗಿ ಹೋಗೋದು, ಎರಡೂವರೆ ಮೂರು ಗಂಟೆ ಕೂತಲ್ಲೇ. ಮುವಾ ಗುಹೆ ಅಂತ ಹೇಳಿ ಕರ್ಕೊಂಡೋಗ್ತಾರೆ, ಅದು ಸುಮಾರು ಐನೂರು ಮೆಟ್ಲು, ನೀವು ಮಗಳು ಹತ್ತಿ, ಅವ್ರು ಕೆಳಗೆ ಕಾಫಿ ಕುಡೀಲಿ. ಉಳಿದ ಆ ಒಂದು ರಾತ್ರೀನ ಹಂಗೇ ಖಾಲಿ ಬಿಡಿ. ಅಕ್ಟೋಬರಲ್ಲಿ ಬಿರುಗಾಳಿ ಮುನ್ಸೂಚನೆ ಬಂದ್ರೆ ಹಾ ಲಾಂಗ್ ಬಂದರಿನೋರು ಯಾವ ಬೋಟೂ ಬಿಡಲ್ಲ, ಅದಕ್ಕೇ ಬೋಟ್‌ನ ಪ್ರವಾಸದ ಕೊನೇ ದಿನಕ್ಕೆ ತಗಲಾಕ್ಬೇಡಿ, ಮಧ್ಯೆ ಇಡಿ, ಮುಂದೂಡೋ ಜಾಗ ಇರುತ್ತೆ. ಹನೋಯ್‌ನಲ್ಲಿ ಅವ್ರ ನಾಯಕ ಹೋ ಚಿ ಮಿನ್ ಸಮಾಧಿ ನೋಡೋದಿದ್ರೆ ಸೋಮವಾರ ಶುಕ್ರವಾರ ಬಿಟ್ಟು ಬೆಳಿಗ್ಗೆನೇ ಹೋಗಿ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಹೊಅನ್ ಕಿಯೆಮ್ ಕೆರೆ ಸುತ್ತ ಗಾಡಿ ಬಿಡಲ್ಲ, ಮಗಳನ್ನ ಆ ಹೊತ್ತಲ್ಲಿ ಬಿಟ್ರೆ ನಿಮಗೂ ಉಸಿರು. ಮಿಕ್ಕ ದಿನ ಆ ಬೈಕುಗಳ ಮಧ್ಯೆ ರಸ್ತೆ ದಾಟೋದು, ಸಿಲ್ಕ್ ಬೋರ್ಡ್ ಎಷ್ಟೋ ವಾಸಿ.

ಕುಡ್ಲದ_ಕಡಲು:
ಈಗ ಸರಿಯಾಯ್ತು ನೋಡಿ. ವೀಸಾದ್ದು ಒಂದು ಹೇಳಿ ಬಿಡ್ತೇನೆ, ಸರ್ಕಾರದ ವೆಬ್‌ಸೈಟಿನಲ್ಲೇ ಇ-ವೀಸಾ ಮಾಡಿ, ಒಂದು ಸಲ ಒಳಗೆ ಹೋಗುವುದಕ್ಕೆ 25 ಡಾಲರ್. 2023ರ ಆಗಸ್ಟ್‌ನಿಂದ ಅದನ್ನು 90 ದಿನದವರೆಗೆ ಕೊಡ್ತಾರೆ, ಫೀಸು ಅಷ್ಟೇ. ಹತ್ತೇ ದಿನ ಅಂತ ಹತ್ತೇ ದಿನಕ್ಕೆ ಹಾಕ್ಬೇಡಿ, ಎದುರು ಹಿಂದೆ ಒಂದು ವಾರ ಸೇರ್ಸಿ ಹಾಕಿ, ಫ್ಲೈಟ್ ಒಂದು ದಿನ ಅತ್ತಿತ್ತ ಆದ್ರೂ ತೊಂದರೆ ಇಲ್ಲ. ಯಾವ ಏರ್‌ಪೋರ್ಟಲ್ಲಿ ಇಳೀತೀರಿ ಅಂತ ಫಾರ್ಮಲ್ಲಿ ಕೇಳ್ತದೆ, ಟಿಕೆಟ್ ಆದ ಮೇಲೆಯೇ ಅದನ್ನು ತುಂಬಿಸಿ.