ವೀಡ್ ಕಟರ್ ದಾರ ಪದೇ ಪದೇ ತುಂಡಾಗುತ್ತಿದೆ, ಬ್ಲೇಡ್ ಹಾಕಬಹುದಾ?

ಪ್ರಶ್ನೆ (ಸಾಗರ ಕಡೆಯ ಸದಸ್ಯೆ): ಅಣ್ಣಾ, ಈ ಮಳೆಗಾಲಕ್ಕೆ ಅಂತ ಪೆಟ್ರೋಲ್ ವೀಡ್ ಕಟರ್ ತಗೊಂಡಿದ್ದೇವೆ. ಮನೆಯ ಹಿತ್ತಲು, ಪಕ್ಕದಲ್ಲೇ ಸಣ್ಣ ಅಡಿಕೆ ತೋಟ. ಎಳೆ ಸಸಿಗಳಿವೆ, ಮೆಣಸಿನ ಬಳ್ಳಿಯೂ ಇದೆ. ನೈಲಾನ್ ದಾರ ಸುಮ್ನೆ ಸುಮ್ನೆ ತುಂಡಾಗುತ್ತದೆ, ಕಲ್ಲು ಬೇರೆ ಸಿಡಿಯುತ್ತದೆ. ಬ್ಲೇಡ್ ಹಾಕಿಬಿಡಲಾ?

ಉತ್ತರ (ಮಷಿನ್ ರಿಪೇರಿ ಮಾಡುವವರು): ಅಕ್ಕಾ, ಹಿತ್ತಲಿಗೆ ಬ್ಲೇಡ್ ಬೇಡ. ಕಲ್ಲು, ಬೇಲಿ ಕಂಬ, ನೀರಿನ ಪೈಪು ಇರುವ ಕಡೆ ದಾರವೇ ಸರಿ. ಬ್ಲೇಡಿನ ಬಲ ಮುಂಭಾಗ ಗಟ್ಟಿ ಮರದ ಬೊಡ್ಡೆಗೆ ತಾಗಿದರೆ ಇಡೀ ಮಷಿನ್ ಒಮ್ಮೆಲೇ ಪಕ್ಕಕ್ಕೆ ಎಗರುತ್ತದೆ. ಬಲಿತ ಪೊದೆ ಇದ್ದರೆ ಮಾತ್ರ ಬ್ಲೇಡ್ ಯೋಚಿಸಿ.

ಮೊದಲು ಒಂದು ವಿಷಯ ಹೇಳಿ, ದಾರದ ಮೇಲಿನ ಗಾರ್ಡ್ ಇದೆಯಾ? ಹುಲ್ಲು ಸಿಕ್ಕಿಕೊಳ್ಳುತ್ತದೆ ಅಂತ ತುಂಬಾ ಜನ ಅದನ್ನು ಬಿಚ್ಚಿಡುತ್ತಾರೆ. ಗಾರ್ಡಿನ ಅಂಚಿನಲ್ಲಿರುವ ಸಣ್ಣ ಚಾಕು ದಾರವನ್ನು ಅಳತೆಗೆ ಕತ್ತರಿಸುತ್ತದೆ. ಅದಿಲ್ಲದಿದ್ದರೆ ದಾರ ಉದ್ದವಾಗಿ ಇಂಜಿನ್ನಿಗೆ ಭಾರ, ಕ್ಲಚ್ ಬಿಸಿ. ಕಲ್ಲೂ ನೇರ ಮೊಣಕಾಲಿಗೆ ಬರುತ್ತದೆ.

ಇನ್ನು ದಾರ ತುಂಡಾಗುವುದು. ಕತ್ತರಿಸುವುದು ದಾರದ ತುದಿ ಮಾತ್ರ. ಹುಲ್ಲಿನೊಳಗೆ ಮಷಿನ್ನಿನ ತಲೆಯನ್ನು (ದಾರ ಇರುವ, ತಿರುಗುವ ಭಾಗ) ತುರುಕಿ ಒತ್ತಿದರೆ ಬುಡದಲ್ಲೇ ಹರಿಯುತ್ತದೆ. ಇಂಜಿನ್ ವೇಗ ಏರಿದ ಮೇಲೆ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಒಳಗೆ ಹೋಗಿ. ಎತ್ತರದ ಹುಲ್ಲನ್ನು ಮೇಲಿಂದ ಕೆಳಕ್ಕೆ ಎರಡು ಸಲ ಹೊಡೆಯಿರಿ. ಬೇಸಿಗೆಯಿಡೀ ಅಟ್ಟದಲ್ಲಿದ್ದ ದಾರ ಒಣಗಿ ಪೆಡಸಾಗಿರುತ್ತದೆ. ಒಂದು ರಾತ್ರಿ ನೀರಲ್ಲಿ ನೆನೆಸಿ, ನೈಲಾನ್ ನೀರು ಹೀರಿ ಮತ್ತೆ ಮೆದುವಾಗುತ್ತದೆ. ಎರಡೂ ಕಡೆ ದಾರ ಒಂದೇ ಉದ್ದ ಇರಲಿ, ಇಲ್ಲದಿದ್ದರೆ ಕೈ ನಡುಗುತ್ತದೆ.

ನೇರ ಪೈಪಿನ ಮಷಿನ್ ಆದರೆ ತಲೆ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಬಲದಿಂದ ಎಡಕ್ಕೆ ಬೀಸುವಾಗ ಕತ್ತರಿಸಿ, ಎಡದಿಂದ ಬಲಕ್ಕೆ ಸುಮ್ನೆ ತನ್ನಿ. ಹುಲ್ಲು ಎಡಕ್ಕೆ, ಹೊಡೆದು ಮುಗಿಸಿದ ಜಾಗಕ್ಕೆ ಬೀಳುತ್ತದೆ. ಮುಂದಿನ ಸಾಲು ಚೆನ್ನಾಗಿ ಕಾಣುತ್ತದೆ.

ಸಸಿಯ ಬುಡದ ಸುತ್ತ ಒಂದು ಮೊಳ ಬಿಟ್ಟು ನಿಲ್ಲಿಸಿ, ಉಳಿದದ್ದನ್ನು ಕತ್ತಿಯಲ್ಲೇ ತೆಗೆಯಿರಿ. ಇದರಲ್ಲಿ ಸೋಮಾರಿತನ ಬೇಡ ಅಕ್ಕಾ. ಮಾವು, ಹಲಸಿನ ಸಸಿಗೆ ಸುತ್ತಲೂ ಸಿಪ್ಪೆ ಹೋದರೆ ಗಿಡ ಸಾಯುತ್ತದೆ. ಅಡಿಕೆ ಮರಕ್ಕೆ ಆದ ಗಾಯ ಮತ್ತೆ ಮುಚ್ಚಿಕೊಳ್ಳುವುದೇ ಇಲ್ಲ. ಮೆಣಸಿನ ಬಳ್ಳಿಯ ಬುಡ, ಬೇರು ಹರಿದರೆ ಮಳೆಗಾಲದ ಸೊರಗು ರೋಗಕ್ಕೆ ನಾವೇ ಬಾಗಿಲು ತೆರೆದ ಹಾಗೆ. ನೆಲ ಕಾಣುವಷ್ಟು ಬೋಳಿಸಲೂ ಬೇಡಿ. ಎರಡು ಮೂರು ಇಂಚು ಹುಲ್ಲು ಉಳಿದರೆ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿ ಹೋಗುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯ): ಸರ್, ನಮ್ಮೂರಲ್ಲಿ ದಾರದ ಬದಲು ಬೈಕಿನ ಕ್ಲಚ್ ವೈರ್ ಹಾಕುತ್ತಾರೆ. ತಿಂಗಳುಗಟ್ಟಲೆ ಬಾಳಿಕೆ ಬರುತ್ತದೆ. ತಪ್ಪಾ?

ಉತ್ತರ: ತಪ್ಪು. ದಯವಿಟ್ಟು ಹಾಕಬೇಡಿ. ಆ ವೇಗದಲ್ಲಿ ತುಂಡಾದ ಕಬ್ಬಿಣದ ಚೂರು ಗುಂಡಿನಂತೆ ಹಾರುತ್ತದೆ, ಪ್ಯಾಂಟನ್ನೂ ದಾಟಿ ಮಾಂಸಕ್ಕೆ ಹೋಗುತ್ತದೆ. ದಾರದ ಖರ್ಚು ಎಷ್ಟಾದೀತು, ಕಣ್ಣು ಹೋದರೆ ಬರುತ್ತದಾ? ದಾರ ಹಾಕಿದರೂ ಕನ್ನಡಕ, ಗಟ್ಟಿ ಪ್ಯಾಂಟು, ಬೂಟು ಬೇಕೇ ಬೇಕು. ಹುಲ್ಲಲ್ಲಿ ಹಾವೂ ಇರುತ್ತದೆ, ಚಪ್ಪಲಿಯಲ್ಲಿ ಇಳಿಯಬೇಡಿ. ಮಕ್ಕಳು, ದನ, ನಾಯಿ 15 ಮೀಟರ್ ದೂರ ಇರಲಿ. ಮಷಿನ್ನಿನ ತಲೆಗೆ ಬಳ್ಳಿ ಸುತ್ತಿಕೊಂಡರೆ ಇಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದ ಮೇಲಷ್ಟೇ ಕೈ ಹಾಕಿ. ಐಡಲ್‌ನಲ್ಲೂ (ಆಕ್ಸಿಲರೇಟರ್ ಒತ್ತದೆ ಇದ್ದಾಗಲೂ) ಮಷಿನ್ನಿನ ತಲೆ ತಿರುಗುತ್ತಿದ್ದರೆ ಕಾರ್ಬ್ಯುರೇಟರ್ ಸೆಟ್ಟಿಂಗ್ ಸರಿ ಮಾಡಿಸಿ, ಅಲ್ಲಿಯವರೆಗೆ ಬಳಸಬೇಡಿ.

ಪ್ರಶ್ನೆ (ಮೊದಲಿನ ಸದಸ್ಯೆ): ಗಾರ್ಡ್ ನಿಜಕ್ಕೂ ಬಿಚ್ಚಿಟ್ಟಿದ್ದರು ಅಣ್ಣಾ, ಇವತ್ತೇ ಹಾಕಿಸುತ್ತೇನೆ. ಆಯಿಲ್ ಎಷ್ಟು ಹಾಕಬೇಕು?

ಉತ್ತರ: ಟು ಸ್ಟ್ರೋಕ್ ಆದರೆ ಮಷಿನ್ ಜೊತೆ ಬಂದ ಪುಸ್ತಕ ನೋಡಿ. 50:1 ಅಂತ ಇದ್ದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್ 2ಟಿ ಆಯಿಲ್ (ಟು ಸ್ಟ್ರೋಕ್ ಇಂಜಿನ್ನಿನ ಆಯಿಲ್), 25:1 ಅಂತ ಇದ್ದರೆ 40 ಎಂಎಲ್. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಬಿಗಿದು ನಿಂತುಬಿಡುತ್ತದೆ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಬೆರೆಸಬಾರದು, ಇಂಜಿನ್ ಆಯಿಲ್ ಬೇರೆ ಹಾಕಬೇಕು. ಸೈಲೆನ್ಸರ್ ಬಿಸಿ ಇರುವಾಗ ಪೆಟ್ರೋಲ್ ತುಂಬಬೇಡಿ. ಮಳೆಗಾಲ ಮುಗಿದು ಮಷಿನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಹಳೇ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂತರೆ ಮುಂದಿನ ಜೂನಿನಲ್ಲಿ ಮಷಿನ್ ಸ್ಟಾರ್ಟೇ ಆಗುವುದಿಲ್ಲ.